ಎರಡು ಸಾವಿರ ಚೀಲ ಹೊಂಗೆ

ಷಣ್ಮುಖಪ್ಪನಿಗೆ ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಕೂರುತ್ತಿದ್ದ, ಯಾರಾದರೂ ಕರೆದರೆ ಹಾಗೇ ಎದ್ದು ಹೋಗಲು ಅನುಕೂಲವಾಗಲಿ ಎಂದು. ಅಜ್ಜಂಪುರದಲ್ಲಿ ಅವನಿಗೆ ಮನೆಯಿತ್ತು, ನಾಲ್ಕೆಕರೆ ಹೊಲವಿತ್ತು, ಗುರುಶಾಂತಮ್ಮನಂಥ ಹೆಂಡತಿಯಿದ್ದಳು. ಆದರೂ ವರ್ಷದ ಏಳೆಂಟು ತಿಂಗಳು ಅವನು ಸಿಗುತ್ತಿದ್ದದ್ದು ಸೈಕಲ್ಲಿನ ಮೇಲೆ, ಇಲ್ಲವೇ ತರೀಕೆರೆ ಕಡೆಯ ಯಾರದೋ ತೋಟದಲ್ಲಿ ಕತ್ತು ಹಿಂದಕ್ಕೆ ಬಾಗಿಸಿಕೊಂಡು ನಿಂತಿರುವಾಗ. ಅವನ ಕಸುಬು ಅಂದಾಜು. ಫಸಲು ಮರದಲ್ಲಿರುವಾಗಲೇ ಅದನ್ನು ಕೊಂಡುಕೊಳ್ಳುವುದಕ್ಕೆ ನಮ್ಮ ಕಡೆ ಚೇಣಿ ಎನ್ನುತ್ತಾರೆ. ಕೊಳ್ಳುವವನು ಕಡಿಮೆ ಹೇಳುತ್ತಾನೆ, ಮಾರುವವನು ಹೆಚ್ಚು ಹೇಳುತ್ತಾನೆ, ಇಬ್ಬರಿಗೂ ನಂಬಿಕೆಯಿರುವ ಮೂರನೆಯವನೊಬ್ಬ ಬಂದು ಮರಮರವನ್ನೂ ನೋಡಿ ಇಷ್ಟಿದೆ ಎಂದು ಹೇಳಬೇಕು. ಮೂವತ್ತು ವರ್ಷದಿಂದ ಆ ಮೂರನೆಯವನು ಷಣ್ಮುಖಪ್ಪ.

ಅವನು ಹೇಳಿದ್ದಕ್ಕೂ ಕಿತ್ತು ರಾಶಿ ಹಾಕಿ ಎಣಿಸಿದ್ದಕ್ಕೂ ನೂರಕ್ಕೆ ಮೂರೋ ನಾಲ್ಕೋ ವ್ಯತ್ಯಾಸ ಬರುತ್ತಿತ್ತು, ಅಷ್ಟೆ. ಆ ಮೂರು ನಾಲ್ಕನ್ನೂ ಅವನು ಒಪ್ಪಿಕೊಳ್ಳುತ್ತಿರಲಿಲ್ಲ. ಕಾಯಿ ಕಡಿಮೆ ಬಂದರೆ ಅದು ಕಾಯಿಯ ತಪ್ಪು, ಕೋತಿಯ ತಪ್ಪು, ಕಾವಲಿನವನ ತಪ್ಪು. ಅವನ ಬಾಯಲ್ಲಿ ‘ನನ್ನ ತಪ್ಪು’ ಎಂಬ ಮಾತು ಬಂದದ್ದನ್ನು ಮದುವೆಯಾದಾಗಿನಿಂದ ತಾನು ಕೇಳಿಲ್ಲವೆಂದು ಗುರುಶಾಂತಮ್ಮ ನೆಂಟರೆದುರಿಗೇ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಒಂದೇ ಒಂದು ಕೊರಗು ಅವನಿಗಿತ್ತು. ಇಷ್ಟು ವರ್ಷ ಹೇಳಿದ್ದೆಲ್ಲ ಬಾಯಿಮಾತಾಗಿ ಗಾಳಿಗೆ ಹೋಯಿತು, ಒಂದು ಕಾಗದದ ಮೇಲೂ ಅವನ ಹೆಸರು ಕೂರಲಿಲ್ಲ.

ಕಾಗದದ ಯೋಗ ಬಂದದ್ದು ಎಂಬತ್ತನೇ ಇಸವಿಯಲ್ಲಿ. ಆ ವರ್ಷ ಡೀಸೆಲ್ ಸಿಗುತ್ತಿರಲಿಲ್ಲ. ಕಡೂರಿನ ಬಂಕಿನೆದುರು ಖಾಲಿ ಡಬ್ಬಗಳನ್ನು ಸಾಲಾಗಿ ಇಟ್ಟು, ಡಬ್ಬಕ್ಕೊಂದು ಕಲ್ಲು ಹೇರಿ, ಜನ ಹೋಟೆಲಿನಲ್ಲಿ ಕೂತಿರುತ್ತಿದ್ದರು. ಪಂಪ್‌ಸೆಟ್ಟುಗಳು ನಿಂತಿದ್ದವು. ಆಗ ಕಡೂರಿನ ಮೆಕ್ಯಾನಿಕ್ ಕೃಷ್ಣಸ್ವಾಮಿ ಒಂದು ಇಂಜಿನ್ನನ್ನು ಡೀಸೆಲ್ಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಹೊಂಗೆ ಎಣ್ಣೆಗೆ ತಿರುಗಿಸಿ, ಮೂರು ಗಂಟೆ ಓಡಿಸಿ ತೋರಿಸಿದ. ಹೊಗೆ ಕಹಿಯಾಗಿತ್ತು, ನಿಂತವರಿಗೆಲ್ಲ ಕೆಮ್ಮು ಬಂತು. ಆದರೆ ನೀರು ಬಿತ್ತಲ್ಲ! ಆ ನೀರನ್ನು ನೋಡಿದವರಲ್ಲಿ ಅಜ್ಜಂಪುರದ ಮಲ್ಲಿಕಾರ್ಜುನಯ್ಯನೂ ಒಬ್ಬ. ದಿನಸಿ ವ್ಯಾಪಾರ, ಒಂದು ಜೀಪು, ಮಠದಲ್ಲಿ ಮುಂದಿನ ಸಾಲಿನ ಜಾಗ, ಎಲ್ಲ ಇದ್ದ ಮನುಷ್ಯ. ತಿಂಗಳೊಳಗೆ ಹೊಂಗೆ ಎಣ್ಣೆಯ ಸಂಘವೊಂದನ್ನು ಹುಟ್ಟುಹಾಕಿ ತಾನೇ ಅಧ್ಯಕ್ಷನಾದ. ಎಣ್ಣೆ ತೆಗೆಯುವ ಮೆಷಿನ್ನಿಗೆ ಸರ್ಕಾರದ ಸಾಲ ಬೇಕೆಂದು ಜಿಲ್ಲಾ ಕಚೇರಿಗೆ ಅರ್ಜಿಯೂ ಹೋಯಿತು. ಚಿಕ್ಕಮಗಳೂರಿನಿಂದ ಬಂದ ಉತ್ತರದಲ್ಲಿ ಒಂದೇ ಪ್ರಶ್ನೆಯಿತ್ತು: ನಿಮ್ಮ ಸೀಮೆಯಲ್ಲಿ ಒಟ್ಟು ಎಷ್ಟು ಹೊಂಗೆ ಎಣ್ಣೆ ಇದೆ?

ಮರದಲ್ಲಿರುವ ಎಣ್ಣೆಯನ್ನು ಅಳೆಯುವವರು ಯಾರು? ಮಲ್ಲಿಕಾರ್ಜುನಯ್ಯ ನೆಟ್ಟಗೆ ಷಣ್ಮುಖಪ್ಪನ ಮನೆಗೆ ಬಂದ.

“ಒಂದು ತಿಂಗಳಲ್ಲಿ ಲೆಕ್ಕ ಕೊಡ್ಬೇಕು ಕಣ್ರೀ. ರಿಪೋರ್ಟಿನ ಕೆಳಗೆ ನಿಮ್ಮದೇ ಸೈನು. ಸೈಕಲ್ ತುಳಿಯೋದು ಬೇಡ, ನಮ್ಮ ಜೀಪ್ ಕೊಡ್ತೀನಿ.”

ಸೈನು ಎಂಬ ಮಾತು ಷಣ್ಮುಖಪ್ಪನನ್ನು ಅರ್ಧ ಕೆಡವಿತು, ಜೀಪು ಎಂಬ ಮಾತು ಉಳಿದರ್ಧವನ್ನು ಕೆಡವಿತು. ಮೊದಲ ವಾರ ಅವನು ಹಳೆಯ ಕ್ರಮದಲ್ಲೇ ಕೆಲಸ ಮಾಡಿದ. ಅಜ್ಜಂಪುರದ ಸುತ್ತಿನ ಒಣ ಹೊಲಗಳಲ್ಲಿ ಹತ್ತು ಮರ ಆರಿಸಿ, ಒಂದೊಂದರ ಬುಡದಲ್ಲೂ ನಿಂತು, ಕೊಂಬೆ ಬಗ್ಗಿಸಿ ಕಾಯಿಯ ಗೊಂಚಲು ಎಣಿಸಿ, ಮರಕ್ಕೆ ಸರಾಸರಿ ಕಾಲು ಚೀಲ ಬೀಜ ಎಂದು ಕಂಡುಕೊಂಡ. ಚೀಲ ಬೀಜಕ್ಕೆ ಒಂದು ಡಬ್ಬ ಎಣ್ಣೆ ಇಳಿಯುತ್ತದೆಂದು ಮೆಷಿನ್ ಕಂಪನಿಯವರೇ ಬರೆದಿದ್ದರು. ಇನ್ನು ಉಳಿದದ್ದು ಮರಗಳನ್ನು ಎಣಿಸುವುದಷ್ಟೆ. ಅದನ್ನು ಅವನು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಎಣಿಸಿದ. ತರೀಕೆರೆ ಕಡೆಯ ಗದ್ದೆ ಬಯಲಿಗೆ ಬಂದಾಗ ಕಾರ್ತಿಕ ಮಾಸ. ಬದುಗಳ ಮೇಲೆ ಸಾಲು ಸಾಲು ಹೊಂಗೆ ಮರಗಳು, ಒಂದಕ್ಕಿಂತ ಒಂದು ದಟ್ಟ, ಎಲೆಯೋ ಎಲೆ. ಒಣಸೀಮೆಯ ಮರಗಳು ಅವುಗಳ ಮುಂದೆ ಏನೂ ಅಲ್ಲ. ಇಷ್ಟು ಹಸಿರಾಗಿರುವ ಮರ ಕಾಲು ಚೀಲವಾದರೂ ಕೊಡದೆ ಇರುತ್ತದೆಯೇ? ಅವನು ಇಳಿಯಲಿಲ್ಲ. ಮೂವತ್ತು ವರ್ಷ ಮರದ ಬುಡದಲ್ಲಿ ನಿಂತವನು ಆ ಮೂರು ವಾರ ಮಾತ್ರ ನಿಲ್ಲಲಿಲ್ಲ, ಮತ್ತು ನಿಲ್ಲದಿರುವುದು ಬಹಳ ಸುಖವಾಗಿತ್ತು. ನಾನಾಗಿದ್ದರೂ ಇಳಿಯುತ್ತಿರಲಿಲ್ಲ ಬಿಡಿ.

ಎಂಟು ಸಾವಿರ ಮರ, ಎರಡು ಸಾವಿರ ಚೀಲ ಬೀಜ, ಎರಡು ಸಾವಿರ ಡಬ್ಬ ಎಣ್ಣೆ. ಬೆರಳಚ್ಚಾದ ಹಾಳೆಯ ಕೆಳಗೆ ಷಣ್ಮುಖಪ್ಪ ನಿಧಾನವಾಗಿ ಸಹಿ ಹಾಕಿದ, ಶಾಯಿ ಆರುವವರೆಗೆ ನೋಡುತ್ತ ನಿಂತ.

ಇಡೀ ಊರಿನಲ್ಲಿ ಆ ಲೆಕ್ಕಕ್ಕೆ ಎದುರಾಡಿದವಳು ಒಬ್ಬಳೇ. ಹನುಮಂತಮ್ಮ, ಸ್ಟೇಷನ್ ರಸ್ತೆಯಲ್ಲಿ ಎತ್ತಿನ ಗಾಣ ನಡೆಸುತ್ತಿದ್ದ ವಿಧವೆ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಆ ಗಾಣವನ್ನು ಒಬ್ಬಳೇ ಓಡಿಸಿದ್ದಳು. ಸಂಘಕ್ಕೆ ಮಂಜೂರಾದ ಮೆಷಿನ್ ಕೂರಿಸಲು ಅವಳ ಗಾಣದ ಜಾಗವೇ ಬೇಕಾಗಿತ್ತು, ಕರೆಂಟಿನ ಕಂಬ ಅಲ್ಲೇ ಇತ್ತು. ಜಾಗ ಕೇಳಲು ಹೋದಾಗ ಮಲ್ಲಿಕಾರ್ಜುನಯ್ಯ ಷಣ್ಮುಖಪ್ಪನನ್ನೂ ಕರೆದುಕೊಂಡು ಹೋಗಿದ್ದ.

“ಎರಡು ಸಾವ್ರ ಚೀಲಾನಾ?” ಎಂದಳು ಹನುಮಂತಮ್ಮ. “ಸುತ್ತೂರಿನ ಹೊಂಗೆ ಎಲ್ಲಾ ನನ್ ಗಾಣಕ್ಕೇ ಬರಾದು ಅಣ್ಣ. ವರ್ಸಕ್ಕೆ ನಲವತ್ತು ಚೀಲ ದಾಟಿದ್ದು ನಾನು ಕಂಡಿಲ್ಲ.”

“ನಿನ್ ಗಾಣಕ್ಕೆ ಬಂದಿದ್ದು ನಲವತ್ತು ಕಣಮ್ಮ,” ಷಣ್ಮುಖಪ್ಪ ಸಮಾಧಾನವಾಗಿಯೇ ಹೇಳಿದ. “ನಾನು ಹೇಳ್ತಿರೋದು ಮರದಲ್ಲಿ ಇರೋದು. ಆಯೋರಿಲ್ದೆ ಮಣ್ಣಾಗಿ ಹೋಯ್ತಾ ಇತ್ತು.”

ಅವಳು ಅವನ ಮುಖವನ್ನೇ ನೋಡಿದಳು. ಬೇರೆ ಯಾರು ಹೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ. “ನೀವು ಹೇಳಿದ್ಮೇಲೆ ಇನ್ನೇನು,” ಎಂದಳು. ಎತ್ತನ್ನು ಶಿವನಿ ಕಡೆಯವರಿಗೆ ಕೊಟ್ಟಳು. ಗಾಣದ ಕಲ್ಲನ್ನು ಆರು ಜನ ಕಿತ್ತು ಹೊರಗೆ ಉರುಳಿಸಿದರು. ಅದಕ್ಕೆ ಬದಲಾಗಿ ಸಂಘದಲ್ಲಿ ಅವಳಿಗೆ ಬೀಜ ತೂಗಿ ತೆಗೆದುಕೊಳ್ಳುವ ಕೆಲಸವಾಯಿತು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಬೀಜ ಹಸಿಯೋ ಒಣವೋ, ಹುಳುಕೋ ಗಟ್ಟಿಯೋ ಅವಳಿಗೆ ತಿಳಿಯುತ್ತಿತ್ತು. ಮೆಷಿನ್ ನೋಡಿಕೊಳ್ಳಲು ಕರಿಸಿದ್ದಪ್ಪ ಎಂಬ ಗಟ್ಟಿ ಆಳು ಬಂದ.

ಮೊದಲ ಸುಗ್ಗಿಯಲ್ಲಿ ಬಂದದ್ದು ಇನ್ನೂರ ಹನ್ನೆರಡು ಚೀಲ. ಹೊಸದಲ್ಲವೇ, ಜನಕ್ಕೆ ಇನ್ನೂ ಗೊತ್ತಾಗಿಲ್ಲ ಎಂದರು. ಎರಡನೆಯ ವರ್ಷ ಊರೂರಿಗೆ ತಮಟೆ ಹೊಡೆಸಿದರು, ಗೋಡೆಗೆ ಬರೆಸಿದರು. ಹೆಂಗಸರು ಮಾಘದಿಂದ ಚೈತ್ರದವರೆಗೆ ಮರದ ಕೆಳಗೆ ಕಾಯಿ ಗುಡಿಸಿ, ಕೊಡತಿಯಿಂದ ಬಡಿದು, ಬೀಜ ಬಿಡಿಸಿ, ಮಂಕರಿಯಲ್ಲಿ ಹೊತ್ತು ತಂದರು. ಒಟ್ಟು ನೂರ ತೊಂಬತ್ತಾರು ಚೀಲ. ವಾರದಲ್ಲಿ ಎರಡು ದಿನ ಓಡಿದರೆ ಮೆಷಿನ್ನಿಗೆ ಕೆಲಸ ಮುಗಿಯುತ್ತಿತ್ತು. ಉಳಿದ ದಿನ ಕರಿಸಿದ್ದಪ್ಪ ಅದರ ನೆರಳಿನಲ್ಲಿ ಮಲಗುತ್ತಿದ್ದ.

ಚಿಕ್ಕಮಗಳೂರಿನವರು ಜಾಣರು, ಮೊದಲೇ ಅಂದಾಜನ್ನು ಅರ್ಧ ಮಾಡಿಕೊಂಡಿದ್ದರು. ಎಲ್ಲ ಕೈಗೆ ಸಿಗುವುದಿಲ್ಲ, ಸಾವಿರವಾದರೂ ಬರಬೇಕಲ್ಲ ಎಂದು ಕೇಳಿ ಕಾಗದ ಬರೆದರು. ಮಲ್ಲಿಕಾರ್ಜುನಯ್ಯನಿಗೆ ಬೆವರಿತು. ರಿಪೋರ್ಟಿನಲ್ಲಿ ಷಣ್ಮುಖಪ್ಪನ ಸಹಿಯ ಪಕ್ಕದಲ್ಲಿ ಅವನದೂ ಇತ್ತು. ಅಂದಾಜು ಸರಿಯಿದ್ದು ಬೀಜ ಬಂದಿಲ್ಲವೆಂದರೆ ಅರ್ಥ ಒಂದೇ, ಯಾರೋ ಕದ್ದಿದ್ದಾರೆ. ಚೌಳಹಿರಿಯೂರಿನ ಸಂತೆಯಲ್ಲಿ ಹೊರಗಿನ ವ್ಯಾಪಾರಿಯೊಬ್ಬ ಹೊಂಗೆ ಬೀಜ ಕೊಳ್ಳುತ್ತಿದ್ದನೆಂದು ಯಾರೋ ಹೇಳಿದರು. ಬೀಜ ತೆಗೆದುಕೊಳ್ಳುವ ತಕ್ಕಡಿ ಯಾರ ಕೈಯಲ್ಲಿತ್ತು? ಬೀಜ ಬಿಡಿಸುವ ಹೆಂಗಸರ ಪರಿಚಯ ಯಾರಿಗಿತ್ತು? ಎಂಟುನೂರು ಚೀಲವನ್ನು ಒಬ್ಬ ಹೆಂಗಸು ಎಲ್ಲಿ ಬಚ್ಚಿಟ್ಟಾಳು ಎಂದು ಯಾರೂ ಕೇಳಲಿಲ್ಲ. ಆಷಾಢದ ಅಮಾವಾಸ್ಯೆಯ ಮಾರನೆಯ ದಿನ ಸರ್ವಸದಸ್ಯರ ಸಭೆ, ಅಷ್ಟರೊಳಗೆ ಬೀಜ ಎಲ್ಲಿ ಹೋಯಿತೆಂದು ಲಿಖಿತ ಉತ್ತರ ಕೊಡಬೇಕು, ಇಲ್ಲದಿದ್ದರೆ ಪೊಲೀಸಿಗೆ ದೂರು ಎಂದು ಹನುಮಂತಮ್ಮನಿಗೆ ನೋಟಿಸು ಹೋಯಿತು. ಅವಳಿಗೆ ಓದು ಬರುತ್ತಿರಲಿಲ್ಲ. ಕರಿಸಿದ್ದಪ್ಪನೇ ಅದನ್ನು ಓದಿ ಹೇಳಿ ಅಳುಮುಖ ಮಾಡಿಕೊಂಡ.

ನೋಟಿಸು ಹಿಡಿದುಕೊಂಡು ಅವಳು ನೇರವಾಗಿ ಬಂದದ್ದು ಷಣ್ಮುಖಪ್ಪನ ಮನೆಗೆ.

“ಅಣ್ಣ, ಒಂದೇ ಮಾತು ಕೇಳ್ತೀನಿ. ನೀವು ಎಣಿಸಿದ್ದು ಸರಿಯಾಗೈತಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಚುಚ್ಚಿತು. “ಮರ ಅಲ್ಲೇ ಅವೆ ಹನುಮಂತಮ್ಮ. ಬೇಕಾದೋರು ಹೋಗಿ ಎಣಿಸ್ಕಳ್ಲಿ,” ಎಂದ. “ನನ್ ಎಣಿಕೇಲಿ ಏನೂ ಇಲ್ಲ.”

“ಹಂಗಾದ್ರೆ ನಾನು ಕಳ್ಳಿ.”

“ನಾನು ಹಂಗಂದ್ನೇನಮ್ಮಾ?”

“ಎರಡ್ರಲ್ಲಿ ಒಂದು ಇರ್ಬೇಕಲ್ಲ ಅಣ್ಣ,” ಎಂದು ಅವಳು ಎದ್ದು ಹೋದಳು. ಗುರುಶಾಂತಮ್ಮ ಕೊಟ್ಟ ಮಜ್ಜಿಗೆಯನ್ನು ಮುಟ್ಟಿರಲಿಲ್ಲ.

ನಾಚಿಕೆಗೇಡಿನ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಎರಡು ದಿನ ಷಣ್ಮುಖಪ್ಪ ಹನುಮಂತಮ್ಮ ಕದ್ದಿರಬಹುದೆಂದೇ ನಂಬಿದ. ಹಾಗೆ ನಂಬುವುದು ಸುಲಭವಾಗಿತ್ತು. ಮೂರನೆಯ ದಿನ ಆ ನಂಬಿಕೆ ನಿಲ್ಲಲಿಲ್ಲ. ಊಟ ಸೇರಲಿಲ್ಲ. ಜಗುಲಿಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗುಲಿಗೆ ಓಡಾಡಿದ. ಬೀಜ ಎಲ್ಲಿಗೋ ಹೋಗಿರಬೇಕು, ಹೋದ ದಾರಿ ಸಿಕ್ಕರೆ ಅವಳೂ ಉಳಿಯುತ್ತಾಳೆ, ತನ್ನ ಲೆಕ್ಕವೂ ಉಳಿಯುತ್ತದೆ ಎಂದು ಅವನ ಮನಸ್ಸು ಒಂದು ಉಪಾಯ ಹುಡುಕಿಕೊಂಡಿತು. ಸೈಕಲ್ ತೆಗೆದ.

“ಮತ್ತೆಲ್ಲಿಗ್ರೀ?” ಎಂದಳು ಗುರುಶಾಂತಮ್ಮ.

“ಸಾವ್ರದೆಂಟ್ನೂರು ಚೀಲ ಹುಡ್ಕಕ್ಕೆ.”

ಹತ್ತು ದಿನ ಅವನು ಕಾಲು ನೆಲಕ್ಕಿಡಲಿಲ್ಲ. ಚೌಳಹಿರಿಯೂರಿಗೆ ಹೋಗಿ ಆ ಹೊರಗಿನ ವ್ಯಾಪಾರಿಯನ್ನು ಹಿಡಿದ. ಅವನು ಕೊಂಡದ್ದು ಎರಡು ವರ್ಷದಲ್ಲಿ ಹದಿನೇಳು ಚೀಲ, ಅದೂ ಆ ಕಡೆಯ ಊರಿನವರಿಂದ. ಬೀರೂರಿನ ಮಂಡಿಗಳಲ್ಲಿ ಕೇಳಿದ, ಹೊಂಗೆಯೇ ಎಂದು ನಕ್ಕರು. ಶಿವನಿಯ ಕಡೆ ಮನೆಮನೆಗೆ ನುಗ್ಗಿ ದೀಪಕ್ಕೆಷ್ಟು, ಗಾಡಿಯ ಅಚ್ಚಿಗೆಷ್ಟು, ಎತ್ತಿನ ಹೆಗಲಿಗೆಷ್ಟು ಎಂದು ವಿಚಾರಿಸಿದ. ಎಲ್ಲ ಕೂಡಿಸಿದರೂ ಐವತ್ತು ಚೀಲ ಮುಟ್ಟಲಿಲ್ಲ. ಇಷ್ಟು ದೊಡ್ಡ ರಾಶಿ ನೆಲದೊಳಗೆ ಇಳಿದು ಹೋಗುವುದೆಂದರೇನು? ದಾರಿಯಲ್ಲಿ ಒಬ್ಬನೇ ಮಾತಾಡಿಕೊಳ್ಳುತ್ತಿದ್ದ. ಎದುರಿಗೆ ಸಿಕ್ಕವರು ನಮಸ್ಕಾರ ಮಾಡಿದರೆ ತಲೆಯಾಡಿಸುವುದನ್ನೂ ಮರೆತ. ಸಭೆಗೆ ಮೂರು ದಿನ ಉಳಿದಿತ್ತು.

ಹನ್ನೊಂದನೆಯ ದಿನ ಹಸಿವಾಗಿ ಹೆಂಡತಿಯ ತವರಿಗೆ ಹೋದ, ಅಷ್ಟೇ ಕಾರಣ. ಅದು ತರೀಕೆರೆಗೆ ಎರಡು ಮೈಲಿ ದೂರದ ಗದ್ದೆ ಬಯಲಿನ ಊರು. ಮಳೆ ಹಿಡಿದಿತ್ತು, ನಾಟಿಗೆ ಗದ್ದೆ ಹದ ಮಾಡುತ್ತಿದ್ದರು. ಗುರುಶಾಂತಮ್ಮನ ತಮ್ಮ ಈರಣ್ಣ ಬದುವಿನ ಹೊಂಗೆ ಮರದ ಮೇಲೆ ಕೂತು ಕುಡುಗೋಲಿನಿಂದ ಕೊಂಬೆ ಕಡಿದು ಕಡಿದು ಕೆಳಗೆ ಹಾಕುತ್ತಿದ್ದ. ಕೆಸರಿನಲ್ಲಿ ಹೆಂಗಸರು ಆ ಸೊಪ್ಪನ್ನು ಹರಡಿ ತುಳಿಯುತ್ತಿದ್ದರು, ಗೊಬ್ಬರಕ್ಕೆ.

“ಬಂದ್ರಾ ಬಾವ? ಒಳ್ಳೆ ಹೊತ್ಗೇ ಬಂದ್ರಿ. ಆ ಹೊರೆ ಒಂಚೂರು ಗದ್ದೆಗೆ ಎಸೀರಿ.”

ಷಣ್ಮುಖಪ್ಪ ಪಂಚೆ ಕಟ್ಟಿ ಹೊರೆ ಎತ್ತಿದ. ಎರಡು ಹೊರೆ ಎಸೆದ. ಮೂರನೆಯದನ್ನು ಎತ್ತಿಕೊಂಡವನು ಹಾಗೇ ನಿಂತ. ಕೈಯಲ್ಲಿದ್ದದ್ದು ಹೊಂಗೆಯ ಕೊಂಬೆ. ಎಲೆ, ಬರೀ ಎಲೆ.

“ಈರಣ್ಣ, ಈ ಮರ ಕಾಯಿ ಬಿಡ್ತಾವೇನೋ?”

“ಕಾಯಾ?” ಈರಣ್ಣ ಮೇಲಿನಿಂದ ನಕ್ಕ. “ವರ್ಸಾ ವರ್ಸಾ ಹಿಂಗೆ ತಲೆ ಬೋಳಿಸಿದ್ರೆ ಎಲ್ಲಿಂದ ಕಾಯಿ ಬಿಡ್ತಾವೆ ಬಾವ? ಹೂ ಬಿಡೋ ಕೊಂಬೇನೇ ಇರಾಕಿಲ್ಲ. ನಮ್ಗೆ ಬೇಕಿರಾದು ಸೊಪ್ಪು. ಎರಡು ತಿಂಗ್ಳು ಬಿಟ್ರೆ ಮತ್ತೆ ಹೆಂಗೆ ಚಿಗುರ್ತಾವೆ ನೋಡಿ, ಮರಾನೇ ಕಾಣಲ್ಲ.”

ಹಾಗೆ ಚಿಗುರಿದ್ದನ್ನು ಷಣ್ಮುಖಪ್ಪ ನೋಡಿದ್ದ. ಕಾರ್ತಿಕದಲ್ಲಿ, ಜೀಪಿನಿಂದ. ಆ ಬದುವಿನ ಹನ್ನೊಂದು ಮರಗಳನ್ನೂ ಎಣಿಸಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ, ಮದುವೆಯಾದ ವರ್ಷದಿಂದ ನಾಟಿಗೆ ಸಹಾಯಕ್ಕೆಂದು ಬಂದು ಇದೇ ಮರಗಳ ಸೊಪ್ಪನ್ನು ತನ್ನ ಕೈಯಾರೆ ಹೊತ್ತಿದ್ದ, ತನ್ನ ಕಾಲಾರೆ ತುಳಿದಿದ್ದ. ಅವುಗಳಲ್ಲಿ ಒಂದು ಕಾಯಿಯನ್ನೂ ಎಂದೂ ಕಂಡಿರಲಿಲ್ಲ. ಕಂಡಿಲ್ಲವೆಂಬುದು ಸಹ ಅವನಿಗೆ ಹೊಳೆದಿರಲಿಲ್ಲ. ಇಲ್ಲಿಗೆ ಬಂದಾಗ ಅವನು ಬಾವ, ಅಂದಾಜಿನವನಲ್ಲ. ಮಾವನ ಮನೆಯ ಮರವನ್ನು ಯಾರು ಕತ್ತೆತ್ತಿ ನೋಡುತ್ತಾರೆ?

ಅವನು ಊಟ ಮಾಡಲಿಲ್ಲ. ಸಂಜೆಯ ತನಕ ಮಳೆಯಲ್ಲೇ ಬದುವಿನಿಂದ ಬದುವಿಗೆ ನಡೆದ. ಎಲ್ಲ ಕಡೆ ಅದೇ, ಬೋಳು ಮರ, ಮರದ ಮೇಲೊಬ್ಬ, ಕೆಸರಲ್ಲಿ ಸೊಪ್ಪು. ಎಂಟು ಸಾವಿರದಲ್ಲಿ ಆರು ಸಾವಿರ ಈ ಗದ್ದೆ ಬಯಲಿನವು. ಆ ಆರು ಸಾವಿರ ಮರ ಸೊಪ್ಪಿನವು, ಎಣ್ಣೆಯವಲ್ಲ. ಉಳಿದ ಎರಡು ಸಾವಿರಕ್ಕೆ ಐನೂರು ಚೀಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಿಗೆ, ದೀಪಕ್ಕೆ, ಹಳ್ಳಕ್ಕೆ ಹೋದರೆ ಉಳಿದದ್ದು ಇನ್ನೂರ ಹನ್ನೆರಡು. ಹನುಮಂತಮ್ಮನ ತಕ್ಕಡಿಗೆ ಬಂದದ್ದು ಸರಿಯಾಗಿ ಬರಬೇಕಾದಷ್ಟೇ. ಕಳುವಾದದ್ದು ಒಂದು ಬೀಜವೂ ಇಲ್ಲ.

ಲೆಕ್ಕ ಕೂಡಿತು. ಐವತ್ತೆರಡು ವರ್ಷದ ಗಂಡಸು ಬದುವಿನ ಮೇಲೆ ನಿಂತು ಅತ್ತುಬಿಟ್ಟ. ಅವಳಿಗಾಗಿಯೋ ತನಗಾಗಿಯೋ ಅವನಿಗೇ ತಿಳಿಯಲಿಲ್ಲ.

ಸಭೆ ನಡೆದದ್ದು ಮೆಷಿನ್ ಕೂರಿಸಿದ ಅಂಗಳದಲ್ಲೇ. ನೂರು ಜನ ಸೇರಿದ್ದರು, ಬಹುಪಾಲು ಒಣಸೀಮೆಯ ಹೊಲದವರು. ಹನುಮಂತಮ್ಮ ಒಂದು ಮೂಲೆಯಲ್ಲಿ ತಲೆ ಮೇಲೆ ಸೆರಗು ಹೊದ್ದು ಕೂತಿದ್ದಳು, ಅವಳ ಪಕ್ಕ ಯಾರೂ ಕೂತಿರಲಿಲ್ಲ. ಮಲ್ಲಿಕಾರ್ಜುನಯ್ಯ ಚಿಕ್ಕಮಗಳೂರಿನ ಕಾಗದ ಓದಿ, ಅಂದಾಜು ಇಷ್ಟು, ಬಂದದ್ದು ಇಷ್ಟು, ಎಂಟುನೂರು ಚೀಲಕ್ಕೆ ರೆಕ್ಕೆ ಬರಲಿಲ್ಲ ಎಂದ. ಕೆಲವರು ನಕ್ಕರು.

ಷಣ್ಮುಖಪ್ಪ ಎದ್ದು ನಿಂತ. ಅವನು ಹಿಂದಿನ ಸಾಲಿನಲ್ಲಿ ಮೊದಲಿಂದಲೂ ನಿಂತೇ ಇದ್ದನೆನ್ನಿ, ಒಂದು ಹೆಜ್ಜೆ ಮುಂದೆ ಬಂದ.

“ಬೀಜ ಯಾರೂ ಕದ್ದಿಲ್ಲ. ಮರದಲ್ಲಿ ಇರ್ಲೇ ಇಲ್ಲ. ಲೆಕ್ಕ ತಪ್ಪಿದ್ದು ನಂದು.” ಆಮೇಲೆ ಸೊಪ್ಪಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದ, ಜೀಪನ್ನೂ ಬಿಡದೆ.

ಆಮೇಲೆ ಆದದ್ದು ಅವನು ಎಣಿಸಿರದ ಸಂಗತಿ. ಅವನ ಮಾತನ್ನು ಯಾರೂ ನಂಬಲಿಲ್ಲ!

“ನಮ್ ತೆಂಗು ಎರಡು ಸಾವ್ರದ ನಾನೂರು ಅಂದಿದ್ರು ಇವ್ರು. ಕಿತ್ತಾಗ ಎಷ್ಟಿತ್ತು ಗೊತ್ತಾ? ಹತ್ತು ಕಡ್ಮೆ, ಅಷ್ಟೆ,” ಎಂದ ಒಬ್ಬ. “ಇವ್ರು ತಪ್ತಾರಂತೆ!”

“ಸೊಪ್ಪು ಅಲ್ಲೊಬ್ಬ ಇಲ್ಲೊಬ್ಬ ಕಡೀತಾನಪ್ಪ. ಆರು ಸಾವ್ರ ಮರಾನೂ ಕಡೀತಾರಾ?” ಎಂದ ಇನ್ನೊಬ್ಬ. ಅವನ ಹೊಲದ ಹೊಂಗೆಗೆ ಕುಡುಗೋಲು ತಾಗಿದ್ದೇ ಇಲ್ಲ.

“ಹೋಗಿ ನೋಡ್ರಿ,” ಎಂದ ಷಣ್ಮುಖಪ್ಪ. “ಇವತ್ತೇ ಹೋಗಿ ನೋಡ್ರಿ.”

“ನೋಡೋಣ, ಆಮೇಲೆ ನೋಡೋಣ,” ಮಲ್ಲಿಕಾರ್ಜುನಯ್ಯ ಅವನ ಹೆಗಲ ಮೇಲೆ ಕೈಯಿಟ್ಟ. “ನಿಮ್ಮ ಕರುಣೆ ದೊಡ್ಡದು ಷಣ್ಮುಖಪ್ಪನೋರೆ. ಒಬ್ಬ ವಿಧವೆ ಅಂತ ನಿಮ್ಮ ಹೆಸರನ್ನೇ ಕೆಡಿಸ್ಕೊಳ್ಳಕ್ಕೆ ಹೊರಟಿದ್ದೀರಿ. ಆದ್ರೆ ನಿಮ್ಮ ಕಣ್ಣು ಯಾವತ್ತೂ ತಪ್ಪಲ್ಲ ಅಂತ ಈ ಊರಿಗೇ ಗೊತ್ತು. ಬೇಕಾದ್ರೆ ಈಗ್ಲೇ ಆ ತೆಂಗಿನ ಮರ ನೋಡಿ ಒಂದು ಮಾತು ಹೇಳಿ, ಕರಿಸಿದ್ದಪ್ಪ ಹತ್ತಿ ಎಣಿಸ್ಲಿ. ಏನ್ರಪ್ಪಾ?”

ಸಭೆಗೆ ಹುರುಪು ಬಂತು. ಅಂಗಳದ ಬೇಲಿಯ ಹತ್ತಿರ ಒಂಟಿ ತೆಂಗಿನ ಮರವಿತ್ತು. ಮುಷ್ಟಿಗಿಂತ ದೊಡ್ಡ ಕಾಯಿ ಎಷ್ಟಿವೆ ಹೇಳಲಿ ಎಂದು ನಾಲ್ಕು ಜನ ಕೂಗಿದರು. ಷಣ್ಮುಖಪ್ಪ ಮರದ ಬುಡಕ್ಕೆ ನಡೆದ. ಕತ್ತೆತ್ತಿದ. ಒಂದು ಸುತ್ತು ಬಂದ. ಮೂವತ್ತು ವರ್ಷ ಬಂದ ಹಾಗೆಯೇ ಸಂಖ್ಯೆ ತಾನಾಗಿ ಬಂತು. ಗೊನೆಗೆ ಗೊನೆ ಕೂಡಿ, ತೊಟ್ಟಿನ ಹಿಂದೆ ಅಡಗಿದ್ದೂ ಸೇರಿ, ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ ಅವನು ಉಳಿಯುತ್ತಾನೆ. ಹನುಮಂತಮ್ಮ ಮೂಲೆಯಲ್ಲಿ ಸೆರಗು ಸರಿಸಿ ಅವನನ್ನೇ ನೋಡುತ್ತಿದ್ದಳು.

ಷಣ್ಮುಖಪ್ಪ ಆ ಸಂಖ್ಯೆಯನ್ನು ನುಂಗಿದ.

“ನೂರಾ ಹತ್ತು,” ಎಂದ.

ಕರಿಸಿದ್ದಪ್ಪ ಹತ್ತಿದ. ಗೊನೆ ಹಿಡಿದು ಒಂದೊಂದೇ ಮುಟ್ಟಿ ಗಟ್ಟಿಯಾಗಿ ಎಣಿಸಿದ. ಅರವತ್ತು ದಾಟಿದಾಗ ಕೆಳಗಿನವರೂ ಅವನ ಜೊತೆ ಎಣಿಸುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. “ಎಪ್ಪತ್ನಾಲ್ಕು. ಮುಗೀತು ಕಣ್ರೋ,” ಎಂದ ಕರಿಸಿದ್ದಪ್ಪ ಮೇಲಿನಿಂದ. ಅವನಿಗೇ ಅನುಮಾನ ಬಂದು ಇನ್ನೊಮ್ಮೆ ಎಣಿಸಿದ. ಎಪ್ಪತ್ನಾಲ್ಕೇ.

“ಕಣ್ಣು ಹೋಗಿದೆ ಪಾಪ,” ಎಂದರು ಯಾರೋ. ಆ ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಎಷ್ಟು ದಿನವಾಗಿತ್ತೋ, ನಮಗೆ ಹೇಳಲೇ ಇಲ್ಲ ನೋಡಿ, ಹಾಗಾದರೆ ಆ ಎರಡು ಸಾವಿರವೂ ಇದೇ ಕಣ್ಣಿನದೇ! ಮಲ್ಲಿಕಾರ್ಜುನಯ್ಯನ ಮುಖ ತಿಳಿಯಾಯಿತು. ಕಳುವಿಗಿಂತ ಇದು ವಾಸಿ. ಅಂದಾಜುಗಾರನ ದೃಷ್ಟಿದೋಷದಿಂದ ಲೆಕ್ಕ ಹೆಚ್ಚಾಗಿತ್ತೆಂದು ಚಿಕ್ಕಮಗಳೂರಿಗೆ ಬರೆದರೆ ಅವನ ಸಹಿಗೂ ಏನೂ ಆಗುವುದಿಲ್ಲ. ಅಲ್ಲೇ ನಿರ್ಣಯ ಬರೆಸಿದ. ಹನುಮಂತಮ್ಮನ ನೋಟಿಸು ವಾಪಸಾಯಿತು. ತಕ್ಕಡಿಯ ಕೆಲಸ ಮುಂದುವರಿಸು ಎಂದು ಅವಳಿಗೆ ಹೇಳಿದರು. ಅವಳು ಬೀಜದ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಆ ವರ್ಷ ತರೀಕೆರೆಯ ಯಾವ ತೋಟದಿಂದಲೂ ಷಣ್ಮುಖಪ್ಪನಿಗೆ ಕರೆ ಬರಲಿಲ್ಲ. ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಪ್ರತಿ ಬೆಳಿಗ್ಗೆ ಅವನು ಸೈಕಲ್ ಒರೆಸಿ, ಗಾಳಿ ನೋಡಿ, ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ಹತ್ತು ಗಂಟೆಗೆ ಮತ್ತೆ ಒಳಗೆ ಇಡುತ್ತಿದ್ದ. ಜಗುಲಿಯ ಮೇಲೆ ಕೂತರೆ ಕಾಲು ತಾನಾಗಿ ಅಲ್ಲಾಡುತ್ತಿತ್ತು. ಬೇಸ್ತವಾರದ ಸಂತೆಯಲ್ಲಿ ಸಿಕ್ಕವರು ಕೈ ಹಿಡಿದು, ರಸ್ತೆ ದಾಟಿಸಲೇ ಎಂದು ಕೇಳುತ್ತಿದ್ದರು. ಅವನು ದಾಟಿಸಿಕೊಳ್ಳುತ್ತಿದ್ದ.

ಗುರುಶಾಂತಮ್ಮನಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. “ನಾನು ಬಿಟ್ಟ ಕಲ್ಲನ್ನ ಅಕ್ಕೀಲಿ ಹುಡುಕಿ ತೆಗೀತೀರಿ. ಕುರುಡ್ರಂತೆ, ಕುರುಡ್ರು!” ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು. ಅವನು ಎದ್ದು ಸೈಕಲ್ಲಿನ ಗಾಳಿ ಇನ್ನೊಮ್ಮೆ ನೋಡುತ್ತಿದ್ದ.

ಪುಷ್ಯ ಮಾಸದ ಒಂದು ಮಧ್ಯಾಹ್ನ ಹನುಮಂತಮ್ಮ ಬಂದಳು. ತನ್ನ ಒಡಹುಟ್ಟಿದ ಅಣ್ಣನ ಮನೆಯ ಹಿತ್ತಿಲಿನಲ್ಲಿ ಗಾಣದ ಕಲ್ಲನ್ನು ಮತ್ತೆ ನಿಲ್ಲಿಸಿದ್ದಳಂತೆ, ಎತ್ತು ಒಂದು ಸಿಕ್ಕಿತ್ತಂತೆ. ಅದನ್ನೆಲ್ಲ ಗುರುಶಾಂತಮ್ಮನಿಗೆ ಹೇಳಿ, ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಜಗುಲಿಗೆ ಬಂದಳು.

“ಅಣ್ಣ, ಆವತ್ತು ಆ ಮರದಲ್ಲಿ ನಿಮ್ಗೆ ಎಷ್ಟು ಕಂಡಿತ್ತು?”

“ನೂರಾ ಹತ್ತು ಅಂದ್ನಲ್ಲಮ್ಮ, ಎಲ್ರೂ ಕೇಳಿದ್ರಲ್ಲ.”

“ಹೇಳಿದ್ದನ್ನ ನಾನೂ ಕೇಳ್ದೆ. ಕಂಡಿದ್ದೆಷ್ಟು?”

ಷಣ್ಮುಖಪ್ಪ ರಸ್ತೆಯ ಕಡೆ ನೋಡಿದ. ಯಾರೂ ಬರುತ್ತಿರಲಿಲ್ಲ. ಅವನ ಕಾಲು ಅಲ್ಲಾಡುವುದು ನಿಂತಿತು.

“ಎಪ್ಪತ್ತಾರು ಕಂಡಿತ್ತು,” ಎಂದ. “ಇದ್ದಿದ್ದು ಎಪ್ಪತ್ನಾಲ್ಕು. ಎರಡು ತಪ್ಪಿದೀನಿ ಕಣಮ್ಮ.”

ಒಳಗೆ ಲೋಟ ತೊಳೆಯುತ್ತಿದ್ದ ಗುರುಶಾಂತಮ್ಮನ ಕೈ ಹಾಗೇ ನಿಂತಿತು.